ಅತಿಥಿಗಳಿಗೆ ಮಾತ್ರ

ಕಹಳೆ ಮಿಸ್ಸಿನ ಗಂಟಲಿಗೆ ಎರಡು ಬೀದಿ ಆಚೆ ಹೊರಟಿದ್ದ ಬಸ್ಸು ಬ್ರೇಕ್ ಹಾಕಿ ನಿಂತದ್ದುಂಟು. ಅವಳು "ಎಲ್ಲರೂ ಕೂತ್ಕೊಳ್ಳಿ" ಎಂದರೆ ಮೂರು ವರ್ಷದ ಮಕ್ಕಳು ಕೂರುವುದಿರಲಿ, ಕಾಂಪೌಂಡಿನ ಮೇಲಿನ ಬೆಕ್ಕು, ಪಕ್ಕದ ಕಟ್ಟಡದಲ್ಲಿ ಗಾರೆ ಕಲಸುತ್ತಿದ್ದ ಮೇಸ್ತ್ರಿ, ರಸ್ತೆಯಲ್ಲಿ ಲಾಠಿ ತಿರುಗಿಸುತ್ತ ಹೊರಟಿದ್ದ ಪೊಲೀಸಪ್ಪ, ಎಲ್ಲರೂ ಇದ್ದಲ್ಲೇ ಕುಕ್ಕರಿಸುತ್ತಿದ್ದರು. ಅಂಥ ಗಂಟಲಿನವಳು ತಿಂಗಳುಗಟ್ಟಲೆ ಒಂದೇ ಒಂದು ಮಾತನ್ನು ಬಾಯಿಬಿಟ್ಟು ಹೇಳಲಾರದೆ ಹೋದಳು. ಆ ಮಾತು ಇಷ್ಟೇ. ನನಗೆ ಒಂದಕ್ಕೆ ಹೋಗಬೇಕು.

ಅವಳು ಕೆಲಸ ಮಾಡುತ್ತಿದ್ದದ್ದು ಮಕ್ಕಳ ಮನೆಯೊಂದರಲ್ಲಿ. ದುಡಿಯಲು ಹೋಗುವ ತಾಯ್ತಂದೆಯರು ಬೆಳಗ್ಗೆ ಮಕ್ಕಳನ್ನು ತಂದು ಬಿಟ್ಟು ಸಂಜೆ ಎತ್ತಿಕೊಂಡು ಹೋಗುವ ಜಾಗ. ಹೊರಗೋಡೆಯ ಮೇಲೆ ನಗುವ ಸೂರ್ಯ, ನಗುವ ಆನೆ, ನಗುವ ಕ್ಯಾರೆಟ್ಟು. ಆ ಗೋಡೆಯ ಮೇಲೆ ನಗದೆ ಇದ್ದದ್ದು ನೀರಿನ ಪೈಪು ಒಂದೇ.

ಮೊದಲು ಪ್ರತಿ ಕೋಣೆಗೂ ಒಬ್ಬ ಮಿಸ್ಸು, ಒಬ್ಬ ಆಯಾ ಇದ್ದರು. ಕಹಳೆ ಮಿಸ್ಸಿನ ಕೋಣೆಯ ಆಯಮ್ಮ ಅಂದರೆ ಸಾಮಾನ್ಯದವಳಲ್ಲ. ಒಂದೇ ಉಸಿರಿಗೆ ಮೂರು ಚಡ್ಡಿ ಬದಲಿಸುವಳು. ಕಣ್ಣು ಮುಚ್ಚಿಕೊಂಡು, ಬರೀ ವಾಸನೆಯ ಮೇಲೆ, ಇದು ಇಂಥವರ ಮನೆಯ ಮಗುವಿನದು, ನಿನ್ನೆ ರಾತ್ರಿ ಇಂಥದ್ದು ತಿಂದಿದೆ ಎಂದು ಹೇಳುವಳು. ಹೋದ ವರ್ಷ ಮಕ್ಕಳ ಮನೆಯ ಒಡತಿ, ಎಲ್ಲರೂ ದೊಡ್ಡ ಮೇಡಂ ಎನ್ನುವ ಹೆಂಗಸು, ಆಯಾಗಳನ್ನೆಲ್ಲ ಮನೆಗೆ ಕಳಿಸಿದರು. ಅವರ ಸಂಬಳದಲ್ಲಿ ಕ್ಯಾಮೆರಾಗಳು ಬಂದವು. ಕೋಣೆಕೋಣೆಯ ಮೂಲೆಯಲ್ಲೂ ಒಂದೊಂದು ಕ್ಯಾಮೆರಾ. ಕೆಲಸದ ಜಾಗದಲ್ಲಿ ಕೂತೇ ತಾಯ್ತಂದೆಯರು ತಮ್ಮ ಫೋನಿನಲ್ಲಿ ಮಗುವನ್ನು ದಿನವಿಡೀ ನೋಡಬಹುದು. ಆಯಾ ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ ದೊಡ್ಡ ಮೇಡಂ, "ಅವರು ಕ್ಯಾಮೆರಾದ ಹಿಂದ್ಗಡೆ ಇರ್ತಾರೆ, ಕಾಣಲ್ಲ" ಎಂದಿದ್ದರು.

ನೋಡುವ ಕಣ್ಣು ಸಾವಿರವಾದವು. ಒರೆಸುವ ಕೈ ಎರಡೇ ಉಳಿದವು.

ಆ ಎರಡು ಕೈಗೆ ಒಂದು ಕಾನೂನು. ದೊಡ್ಡವರಿಲ್ಲದೆ ಮಕ್ಕಳನ್ನು ಒಂದು ಗಳಿಗೆಯೂ ಬಿಡಬಾರದು. ಕಾನೂನು ಸರಿಯಾದದ್ದೇ. ಕಹಳೆ ಮಿಸ್ಸೇ ಅದನ್ನು ಎರಡು ಸಲ ಬರೆದುಕೊಟ್ಟಾಳು. ಅವಳ ಕೋಣೆಯಲ್ಲಿ ಬುಲ್ಡೋಜರ್ ಎಂಬ ಹುಡುಗನಿದ್ದ. ಅವಳು ಸೀನಿ ಕಣ್ಣು ಬಿಡುವಷ್ಟರಲ್ಲಿ ಅವನು ಕಪಾಟು ಹತ್ತಿ, ಅಲ್ಲಿಂದ ಬಣ್ಣದ ಡಬ್ಬಿ ಇಳಿಸಿ, ಇಬ್ಬರಿಗೆ ಹಸಿರು ಮೀಸೆ ಬರೆದು, ತನ್ನ ಮೂಗಿಗೊಂದು ಮಣಿ ತುರುಕಿಕೊಂಡು ಮುಗಿಸಿರುತ್ತಿದ್ದ.

ಕೋಣೆಯಿಂದ ಹೊರಗೆ ಹೋಗಲೇಬೇಕಾದರೆ ಗೋಡೆಯ ಗುಂಡಿ ಒತ್ತಬೇಕು. ಆಫೀಸಿನಲ್ಲಿ ಗಂಟೆ ಹೊಡೆಯುತ್ತದೆ, ಅಲ್ಲಿಂದ ಯಾರಾದರೂ ಬಂದು ನಿಲ್ಲುತ್ತಾರೆ. ವ್ಯವಸ್ಥೆಯೇನೋ ಹಾಗಿತ್ತು. ಆದರೆ ಮಕ್ಕಳನ್ನು ಸೇರಿಸಲು ಬಂದವರ ಮುಂದೆ ಗಂಟೆ ಬಡಿದುಕೊಳ್ಳುತ್ತದೆಂದು ದೊಡ್ಡ ಮೇಡಂ ಗಂಟೆ ತೆಗೆಸಿ ಕೆಂಪು ದೀಪ ಹಾಕಿಸಿದರು. ದೀಪ ಅವರ ಕುರ್ಚಿಯ ಹಿಂದಿನ ಗೋಡೆಯ ಮೇಲಿತ್ತು. ಅದನ್ನು ನೋಡಬೇಕಾದರೆ ಅವರಿಗೆ ಬೆನ್ನಲ್ಲೊಂದು ಕಣ್ಣು ಹುಟ್ಟಬೇಕಿತ್ತು.

ಕಕ್ಕಸುಗಳೇನು ಕಡಿಮೆಯಿರಲಿಲ್ಲ. ಮೂರು ಥರ ಇದ್ದವು. ಕೋಣೆಯ ಮೂಲೆಯಲ್ಲಿ ಮಕ್ಕಳದು, ಮೊಣಕಾಲೆತ್ತರದ್ದು, ಬಾಗಿಲಿಲ್ಲದ್ದು, ಕ್ಯಾಮೆರಾದ ಕಣ್ಣೆದುರಿಗಿದ್ದದ್ದು. ಹಿತ್ತಿಲಿನ ಆಚೆ ಕೆಲಸದವರದು, ಅದರ ಬೀಗದ ಕೈ ಗೇಟಿನ ಕಾವಲುಗಾರನ ಸೊಂಟದಲ್ಲಿ. ಮೂರನೆಯದು ಆಫೀಸಿನಲ್ಲಿ. ಬಿಳಿ ಟೈಲು, ಆಳೆತ್ತರದ ಕನ್ನಡಿ, ಹೂವಿನ ವಾಸನೆಯ ಸೋಪು. ಬಾಗಿಲ ಮೇಲೆ ಹಿತ್ತಾಳೆಯ ಫಲಕ. "ಅತಿಥಿಗಳಿಗೆ ಮಾತ್ರ."

ಕಹಳೆ ಮಿಸ್ ನೀರು ಕುಡಿಯುವುದನ್ನು ಬಿಟ್ಟಳು. ಬೆಳಗ್ಗೆ ಗುಟುಕು, ಸಂಜೆ ಚೊಂಬು. ನಡುವೆ ಬರಗಾಲ. ಆದರೂ ಮೈ ಕೇಳುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ಕಲ್ಲು. ಆ ಕಲ್ಲು ಹೊತ್ತುಕೊಂಡೇ ಬಗ್ಗಬೇಕು. ಎತ್ತಬೇಕು. ಒರೆಸಬೇಕು. ಅತ್ತವರನ್ನು ಸೊಂಟಕ್ಕೇರಿಸಬೇಕು. ಸೊಂಟಕ್ಕೇರಿದ್ದನ್ನು ನೋಡಿ ಅತ್ತವರನ್ನು ಇನ್ನೊಂದು ಸೊಂಟಕ್ಕೆ. ಕಪ್ಪೆಯ ಹಾಡಿಗೆ ಕಪ್ಪೆಯಂತೆ ಕುಪ್ಪಳಿಸಬೇಕು. ತುಂಬಿದ ಕೊಡ ತುಳುಕುವುದಿಲ್ಲ ಎಂದವನು ಯಾರೋ ಗಂಡಸೇ ಇರಬೇಕು. ಅವನನ್ನು ತಂದು ಕಪ್ಪೆ ಕುಣಿಸಬೇಕಿತ್ತು.

ಕುಣಿಯುತ್ತಲೇ ಮಕ್ಕಳಿಗೆ ಹೇಳುತ್ತಿದ್ದಳು. "ಯಾರಿಗೆ ಒಂದಕ್ಕೆ ಬಂತು? ತಡ್ಕೋಬಾರ್ದು ಮರಿ. ತಡ್ಕೊಂಡ್ರೆ ಹೊಟ್ಟೆ ನೋಯುತ್ತೆ."

ಅವಳಿಗೆ ಉರಿಮೂತ್ರ ಹಿಡಿಯಿತು. ಜ್ವರ ಬಂತು. ಡಾಕ್ಟರು ಮಾತ್ರೆ ಬರೆದು, "ಚೆನ್ನಾಗಿ ನೀರು ಕುಡೀರಿ, ತಡ್ಕೋಬೇಡಿ" ಎಂದರು. ಕಹಳೆ ಮಿಸ್ ನಕ್ಕ ನಗುವಿಗೆ ಹೊರಗೆ ಕೂತಿದ್ದ ರೋಗಿಗಳಲ್ಲಿ ಅರ್ಧ ಜನ ವಾಸಿಯಾಗಿ ಮನೆಗೆ ಹೋದರು.

ಮನೆಯಲ್ಲಿ ಅತ್ತೆ. ಗಂಡ ತೀರಿಕೊಂಡ ಮೇಲೆ ಅತ್ತೆ ಸೊಸೆ ಇಬ್ಬರೇ. ದುಡಿಯುವ ಕೈ ಸೊಸೆಯದೊಂದೇ. ಸಂಜೆ ಅವಳು ಚಪ್ಪಲಿ ಬಿಡದೆ, ಬ್ಯಾಗು ಇಳಿಸದೆ ಓಡುವುದನ್ನು ನೋಡಿ ಅತ್ತೆ ಹಾಸಿಗೆಯ ಮೇಲಿಂದಲೇ ಕೂಗುತ್ತಿದ್ದಳು.

"ಬಂದ್ಲು ನೋಡಪ್ಪ ಮಹಾರಾಣಿ! ಮನೆಗೆ ಬಂದವಳು ಅತ್ತೆ ಮುಖ ನೋಡಲ್ಲ, ಕಕ್ಕಸಿನ ಮುಖ ನೋಡ್ತಾಳೆ. ಪೂರ್ವಜನ್ಮದ ನಂಟೇನೇ?"

"ಸುಮ್ನಿರಿ ಅತ್ತೆ, ಬಾಗಿಲ ಹತ್ರ ಮಾತಾಡ್ಸಬೇಡಿ."

"ನಾನೇನು ಒಳಗೆ ಬಂದ್ನಾ? ಹೊಯ್ಯಿ, ಹೊಯ್ಯಿ. ಊರಿಗೆ ಪ್ರವಾಹ ಬರೋಕೆ ಮುಂಚೆ ನಿಲ್ಸು."

ಇಷ್ಟರಲ್ಲಿ ದೊಡ್ಡ ಮೇಡಮ್ಮಿಗೆ ಮಿಸ್ಸುಗಳ ನೆಮ್ಮದಿಯ ಚಿಂತೆ ಹತ್ತಿತು. ತಮ್ಮ ಮಿಸ್ಸುಗಳು ಸಿಡುಕುತ್ತಾರೆ, ಸೊರಗುತ್ತಾರೆ, ಬಿಟ್ಟು ಹೋಗುತ್ತಾರೆ, ಇದಕ್ಕೆಲ್ಲ ಕಾರಣ ಅವರಿಗೆ ಸರಿಯಾಗಿ ಉಸಿರಾಡಲು ಬಾರದಿರುವುದು ಎಂದು ಯಾರೋ ಹೇಳಿದ್ದರಂತೆ. ರಜೆಯ ದಿನ ಎಲ್ಲರನ್ನೂ ಕರೆಸಿ ಉಸಿರು ಕಲಿಸಲು ಒಬ್ಬ ಮಾಸ್ತರನ್ನು ತಂದು ಕೂರಿಸಿದರು. ನುಣುಪಾದ ಗಲ್ಲ, ನುಣುಪಾದ ಮಾತು. ಕೋಪ ಬಂದಾಗ ಹೊಟ್ಟೆಯನ್ನು ಬಲೂನಿನಂತೆ ಉಬ್ಬಿಸಬೇಕಂತೆ. ಮಿಸ್ಸುಗಳೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತು ಬಲೂನು ಉಬ್ಬಿಸಿದರು.

"ಈಗ ನಿಮ್ಮ ಒತ್ತಡ ಎಲ್ಲಿದೆ ಹುಡುಕಿ. ತಲೆಯಲ್ಲಾ? ಎದೆಯಲ್ಲಾ? ಭುಜದಲ್ಲಾ?"

"ಕೆಳಗಡೆ ಸಾರ್" ಎಂದಳು ಕಹಳೆ ಮಿಸ್.

ಹಿಂದೆ ಕೂತಿದ್ದ ತೊಟ್ಟಿಲು ಮಿಸ್, ಹಾಲುಗಲ್ಲದ ಕೂಸುಗಳ ಕೋಣೆಯವಳು, ಕಿಸಕ್ಕೆಂದಳು. ಮಾಸ್ತರಿಗೆ ಅರ್ಥವಾಗಲಿಲ್ಲ. "ನಿಮ್ಮ ಒತ್ತಡ ಕಡಿಮೆಯಾಗೋಕೆ ಏನು ಬೇಕು ಅನ್ಸುತ್ತೆ? ಮನಸ್ಸು ಬಿಚ್ಚಿ ಹೇಳಿ" ಎಂದರು.

"ಕಕ್ಕಸಿಗೆ ಹೋಗೋಕೆ ಬಿಡಬೇಕು ಸಾರ್. ಕೋಣೇಲಿ ಇನ್ನೊಬ್ಬರು ಬೇಕು."

ಮಾಸ್ತರು ದೊಡ್ಡ ಮೇಡಂ ಕಡೆ ನೋಡಿದರು. ದೊಡ್ಡ ಮೇಡಂ ಕಿಟಕಿಯ ಕಡೆ ನೋಡಿದರು. "ಅದು ಹೊರಗಿನ ವಿಷಯ. ನಾವೀಗ ಒಳಗಿನದನ್ನ ನೋಡ್ತಿದೀವಿ" ಎಂದು ಮಾಸ್ತರು ನಕ್ಕರು. ನಗುತ್ತಿದ್ದಂತೆ ಅವರಿಗೆ ಸೀನು ಬಂತು. ಭರ್ಜರಿ ಸೀನು. ಮೂಗಿನಿಂದ ಎರಡು ಧಾರೆ ಇಳಿದವು. ಕಹಳೆ ಮಿಸ್ಸಿನ ತಲೆಗೆ ಏನೂ ಹೊಳೆಯುವ ಮುಂಚೆ ಅವಳ ಕೈ ಹೋಗಿತ್ತು. ಎಡಗೈ ಮಾಸ್ತರ ತಲೆಯ ಹಿಂದೆ, ಬಲಗೈ ಕರ್ಚೀಫಿನ ಸಮೇತ ಮೂಗಿನ ಮೇಲೆ. "ಫುರ್ ಅನ್ನು ಕಂದ. ಜೋರಾಗಿ. ಇನ್ನೊಂದು ಸಲ. ಜಾಣ!"

ಮಾಸ್ತರು ಫುರ್ ಎಂದರು. ಆ ಗಂಟಲು ಹೇಳಿದ ಮೇಲೆ ಫುರ್ ಎನ್ನದವರು ಯಾರು?

ಮಿಸ್ಸುಗಳು ನಗು ತಡೆಯಲಾರದೆ ಪುಟ್ಟ ಕುರ್ಚಿಗಳ ಸಮೇತ ಉರುಳಿದರು. ದೊಡ್ಡ ಮೇಡಂ ನಗಲಿಲ್ಲ. ಕಹಳೆ ಮಿಸ್ ತಪ್ಪಾಯಿತೆಂದಳು. ಮೂಗು ಒರೆಸಿದ್ದಕ್ಕೆ ತಪ್ಪಾಯಿತೆನ್ನಬೇಕು. ಕಕ್ಕಸು ಕೇಳಿದ್ದಕ್ಕೆ ಉತ್ತರವೇ ಇಲ್ಲ. ಮುಂದಿನ ವಾರ ಪ್ರತಿ ಕೋಣೆಯ ಗೋಡೆಗೂ ಒಂದು ಚಿತ್ರ ಬಂತು. ಕಣ್ಣು ಮುಚ್ಚಿ ಕೂತ ಹೆಂಗಸು, ಹೊಟ್ಟೆಯ ಜಾಗದಲ್ಲಿ ಕೆಂಪು ಬಲೂನು.

ಆ ಬಲೂನಿನ ಕೆಳಗೇ ಅದು ನಡೆಯಿತು.

ಮಧ್ಯಾಹ್ನ. ಒಬ್ಬಳು ವಾಂತಿ ಮಾಡಿಕೊಂಡಿದ್ದಳು. ಇಬ್ಬರು ಒಂದೇ ಗೊಂಬೆಯ ಎರಡು ಕಾಲು ಹಿಡಿದು ಎಳೆಯುತ್ತಿದ್ದರು. ಗುಬ್ಬಿ ಎಂಬ ಪುಟಾಣಿ ಅವಳ ಬೆನ್ನಿಗೆ ಜೋತುಬಿದ್ದಿತ್ತು. ಕಹಳೆ ಮಿಸ್ ಬೆಳಗ್ಗೆಯಿಂದ ಗುಂಡಿ ಒತ್ತಿ ಒತ್ತಿ ಹೆಬ್ಬೆರಳಿನ ರೇಖೆ ಸವೆಸಿಕೊಂಡಿದ್ದಳು. ಯಾರೂ ಬಂದಿರಲಿಲ್ಲ. ಅವಳು ವಾಂತಿ ಒರೆಸಿ, ನೆಲಕ್ಕೆ ಕೈಯೂರಿ, ಹಲ್ಲು ಕಚ್ಚಿ ಏಳುತ್ತಿದ್ದಳು. "ಮಿಸ್!" ಎಂದು ಕೂಗುತ್ತ ಬುಲ್ಡೋಜರ್ ಪ್ರೀತಿಯಿಂದ ಓಡಿ ಬಂದ. ತಲೆ ತಗ್ಗಿಸಿಕೊಂಡು ಬಂದ. ಸೀದಾ ಕಿಬ್ಬೊಟ್ಟೆಗೆ ಗುಮ್ಮಿದ.

ತಡೆ ಒಡೆಯಿತು.

ಬಿಸಿ. ತೊಡೆಯಿಂದ ಮೊಣಕಾಲಿಗೆ. ಮೊಣಕಾಲಿನಿಂದ ಪಾದಕ್ಕೆ. ಹಳದಿ ಸಮವಸ್ತ್ರ ಕಪ್ಪಾಯಿತು. ಅಕ್ಷರಮಾಲೆಯ ಚಾಪೆಯ ಮೇಲೆ ಕೊಳ. ಅವಳಿಗೆ ನಿಲ್ಲಿಸಲಾಗಲಿಲ್ಲ. ನಿಂತುಕೊಂಡೇ ಇದ್ದಳು. ಹೆಂಗಸೊಬ್ಬಳು, ನಲವತ್ತು ದಾಟಿದವಳು, ಹಗಲು ಬೆಳಕಿನಲ್ಲಿ, ನಿಂತುಕೊಂಡು.

ಯಾವ ಮಗುವೂ ನಗಲಿಲ್ಲ. ಗುಬ್ಬಿ ಬೆನ್ನಿಂದಿಳಿದು ಅವಳ ಕೈ ಹಿಡಿದುಕೊಂಡಿತು.

"ಪರವಾಗಿಲ್ಲ ಮಿಸ್. ಎಲ್ಲರಿಗೂ ಆಗುತ್ತೆ."

ಒಬ್ಬ ನೆಲ ಒರೆಸುವ ಬಟ್ಟೆ ಎಳೆದು ತಂದ. ಬುಲ್ಡೋಜರ್ ತನ್ನ ಚೀಲಕ್ಕೆ ಓಡಿ ಬಾತುಕೋಳಿ ಚಿತ್ರದ, ಅಂಗೈಯಗಲದ ಚಡ್ಡಿಯೊಂದನ್ನು ತಂದು ಅವಳಿಗೆ ಕೊಟ್ಟ. "ಹಾಕ್ಕೋ ಮಿಸ್. ಒಗೆದಿದ್ದು."

ಅವಳು ತಲೆಯೆತ್ತಿದಳು. ಮೂಲೆಯಲ್ಲಿ ಕ್ಯಾಮೆರಾ. ಅದರ ಕೆಂಪು ಚುಕ್ಕಿ.

ಕ್ಯಾಮೆರಾಕ್ಕೆ ಕಂಡದ್ದು ಎಲ್ಲರಿಗೂ ಕಂಡಿತು. ಆದರೂ ಯಾರೂ ಬರಲಿಲ್ಲ. ಅವಳು ಚಾಪೆ ತೊಳೆದಳು. ಮಕ್ಕಳನ್ನು ಮಲಗಿಸಿದಳು. ಎಬ್ಬಿಸಿದಳು. ಹಾಲು ಕುಡಿಸಿದಳು. ಒದ್ದೆ ಬಟ್ಟೆ ಮೈಮೇಲೇ ಒಣಗಿತು. ತೊಡೆ ಉಜ್ಜಿ ಉಜ್ಜಿ ಚರ್ಮ ಸುಲಿಯಿತು. ಸಂಜೆಯೊಳಗೆ ಆ ದೃಶ್ಯ ಫೋನಿನಿಂದ ಫೋನಿಗೆ ಹಾರಿ, ತಾಯ್ತಂದೆಯರ ಗುಂಪಿನಲ್ಲಿ ಕೂತು, ಕಣ್ಣೀರು ಬರುವಂತೆ ನಗುವ ಹಳದಿ ಮುಖಗಳನ್ನು ಸಂಪಾದಿಸಿತ್ತು. ಕುಡಿದಿದ್ದಾಳೆಯೇ ಎಂದು ಒಬ್ಬರು ಕೇಳಿದ್ದರು. ಅಂಟುರೋಗವೇ ಎಂದು ಇನ್ನೊಬ್ಬರು. ಯಾಕೆ ಹಾಗಾಯಿತು ಎಂದು ಕೇಳಿದವರು ಯಾರೂ ಇರಲಿಲ್ಲ.

ಮರುದಿನ ದೊಡ್ಡ ಮೇಡಂ ಕರೆದರು. ಮೇಜಿನ ಮೇಲೆ ಒಂದು ಪ್ಯಾಕೆಟ್ಟಿತ್ತು.

"ಕೂತ್ಕೊಳ್ಳಿ. ಏನಮ್ಮ ಇದು? ನನ್ನ ಮಾನ ಹರಾಜಾಯ್ತಲ್ಲ."

ಹರಾಜಾದದ್ದು ಯಾರ ಮಾನ ಎಂದು ಕಹಳೆ ಮಿಸ್ ಕೇಳಲಿಲ್ಲ.

"ಶುಕ್ರವಾರ ಪೇರೆಂಟ್ಸ್ ಮೀಟಿಂಗ್ ಕರೆದಿದೀನಿ. ನೀವು ಎದ್ದು ನಿಂತು, ನನಗೊಂದು ಕಾಯಿಲೆ ಇದೆ, ಔಷಧಿ ತಗೋತಿದೀನಿ, ಕ್ಷಮಿಸಿ ಅಂತ ಹೇಳಿ. ಅಷ್ಟೇ. ಮುಗೀತು."

"ನನಗೆ ಕಾಯಿಲೆ ಇಲ್ಲ ಮೇಡಂ. ಗುಂಡಿ ಒತ್ತಿದ್ದೆ. ಯಾರೂ ಬರ್ಲಿಲ್ಲ."

"ನೋಡಿ, ಕಾಯಿಲೆ ಇದೆ ಅಂದ್ರೆ ಜನಕ್ಕೆ ಕನಿಕರ ಬರುತ್ತೆ. ಯಾರೂ ಬರ್ಲಿಲ್ಲ ಅಂದ್ರೆ ಮಕ್ಕಳನ್ನ ಬಿಡಿಸ್ಕೊಂಡು ಹೋಗ್ತಾರೆ. ಆಗ ನಿಮಗೂ ಕೆಲಸ ಇರಲ್ಲ." ಅವರು ಪ್ಯಾಕೆಟ್ಟನ್ನು ಒಂದು ಬೆರಳಿನಿಂದ ಇವಳ ಕಡೆ ನೂಕಿದರು. "ಇದು ನಿಮಗೆ. ನಾನೇ ತರಿಸ್ದೆ. ಒಳ್ಳೇ ಕಂಪನಿದು. ದಿನಾ ಹಾಕ್ಕೊಂಡು ಬನ್ನಿ."

ಡಯಾಪರು. ದೊಡ್ಡವರದು.

ಕಹಳೆ ಮಿಸ್ ಬದುಕಿನಲ್ಲಿ ಬದಲಿಸಿದ ಡಯಾಪರುಗಳನ್ನು ಒಂದರ ಮೇಲೊಂದು ಇಟ್ಟರೆ ಚಂದ್ರನಿಗೆ ಏಣಿಯಾಗುತ್ತಿತ್ತು. ಅವಳಿಗೆ ಅದರ ಬಗ್ಗೆ ಅಸಹ್ಯವಿರಲಿಲ್ಲ. ಆದರೆ ಆ ಒಂದು ಬೆರಳು. ನೂಕಿದ ಬೆರಳು. ಅವಳು ಪ್ಯಾಕೆಟ್ಟನ್ನು ಬಗಲಲ್ಲಿಟ್ಟುಕೊಂಡು ಎದ್ದು ಬಂದಳು. ಅವಳ ಬಾಯಿಂದ ಸದ್ದೇ ಹೊರಡಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಆ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನನಗಾ ಇದು?"

"ಅಲ್ಲ ಅತ್ತೆ. ನನಗೆ."

ಅತ್ತೆಗೆ ಎಂಬತ್ತು ದಾಟಿತ್ತು. ಎಡಗಾಲು ಸ್ವಾಧೀನದಲ್ಲಿರಲಿಲ್ಲ. ಗೋಡೆ ಹಿಡಿದು, ಕುರ್ಚಿ ಹಿಡಿದು, ಬಾಗಿಲು ಹಿಡಿದು, ಶಪಿಸಿಕೊಂಡು, ಅರ್ಧ ಗಂಟೆಯಾದರೂ ಸರಿ ಕಕ್ಕಸಿಗೆ ತಾನೇ ನಡೆಯುತ್ತಿದ್ದಳು. ಸೊಸೆ ಕೈಕೊಟ್ಟರೂ ಕೊಡವುತ್ತಿದ್ದಳು. ಅವಳು ವಿಷಯವೆಲ್ಲ ಕೇಳಿದಳು. ಬಹಳ ಹೊತ್ತು ಸುಮ್ಮನಿದ್ದಳು. ಅತ್ತೆ ಸುಮ್ಮನಿದ್ದದ್ದು ಆ ಬೀದಿಯ ಚರಿತ್ರೆಯಲ್ಲೇ ಮೊದಲು.

"ನಾನೇ ಇನ್ನೂ ಹಾಕ್ಕೊಂಡಿಲ್ಲ ಕಣೇ" ಎಂದಳು ಕೊನೆಗೆ. "ನೀನ್ಯಾಕೆ ಹಾಕ್ಕೋತೀಯ? ಕಾಲಿಲ್ಲ ನನಗೆ. ನಿನಗೇನು ರೋಗ?"

"ಮಕ್ಕಳನ್ನ ಬಿಟ್ಟು ಹೋಗೋ ಹಾಗಿಲ್ಲ ಅತ್ತೆ."

"ಬಿಟ್ಟು ಹೋಗು ಅಂದೋರ್ಯಾರು?" ಅತ್ತೆ ಪ್ಯಾಕೆಟ್ಟನ್ನು ತಲೆದಿಂಬಿನ ಕೆಳಗೆ ಸೇರಿಸಿ ಅದರ ಮೇಲೆ ತಲೆಯಿಟ್ಟಳು. "ಮೆತ್ತಗಿದೆ. ಇರಲಿ."

ಮರುದಿನ ಕಹಳೆ ಮಿಸ್ ಕ್ಯಾಮೆರಾದ ಎದುರಿಗೆ ನಿಂತು ನೀರು ಕುಡಿದಳು. ತಿಂಗಳುಗಳ ಬಾಯಾರಿಕೆ. ಅವಳು ಬಾಟಲಿ ಎತ್ತಿದ ರಭಸಕ್ಕೆ ಊರಿನ ನೀರಿನ ಟ್ಯಾಂಕಿನಲ್ಲಿ ಅಳತೆಯ ಮುಳ್ಳು ಇಳಿಯಿತಂತೆ. ಹತ್ತೂವರೆಯ ಹೊತ್ತಿಗೆ ಮೈ ತನ್ನ ಮಾತು ಹೇಳಿತು. ಅವಳು ನಿಯಮದಂತೆ ಗುಂಡಿ ಒತ್ತಿದಳು. ಮಕ್ಕಳಿಂದ ಒಂದು ಹಾಡು ಹಾಡಿಸಿದಳು. ಮತ್ತೆ ಒತ್ತಿದಳು. ಇನ್ನೊಂದು ಹಾಡು. ಯಾರೂ ಬರಲಿಲ್ಲ.

ಕಪಾಟಿನಿಂದ ರೈಲು ಹಗ್ಗ ತೆಗೆದಳು. ಪಾರ್ಕಿಗೆ ಹೋಗುವಾಗ ಮಕ್ಕಳು ಚದುರದಂತೆ ಹಿಡಿದುಕೊಳ್ಳುವ ಉದ್ದ ಹಗ್ಗ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಳೆ ಅದಕ್ಕೆ ಕಟ್ಟಿರುತ್ತದೆ. ಮಕ್ಕಳು ಹೋ ಎಂದು ಎದ್ದರು.

"ಎಲ್ಲಿಗೆ ಮಿಸ್?"

"ಮಿಸ್ಸಿಗೆ ಒಂದಕ್ಕೆ ಬಂದಿದೆ. ಎಲ್ಲರೂ ಹೋಗಿ ಬರೋಣ."

ಯಾರಿಗೂ ವಿಚಿತ್ರವೆನಿಸಲಿಲ್ಲ. ರೈಲು ಹೊರಟಿತು. ಉದ್ದ ಎಷ್ಟೆಂದರೆ, ಇಂಜಿನ್ ಆಫೀಸಿನ ಬಾಗಿಲು ದಾಟಿದಾಗ ಕೊನೆಯ ಡಬ್ಬಿ ಇನ್ನೂ ಚಪ್ಪಲಿ ಹುಡುಕುತ್ತಿತ್ತು. ಒಳಗೆ ದೊಡ್ಡ ಮೇಡಂ ಹೊಸ ದಂಪತಿಗಳಿಗೆ ಕ್ಯಾಮೆರಾದ ಮಹಿಮೆ ಹೇಳುತ್ತಿದ್ದರು. "ಕೂಊಊ" ಎನ್ನುತ್ತ ರೈಲು ರತ್ನಗಂಬಳಿಯ ಮೇಲೆ ಬಂದು ನಿಂತಿತು.

"ಮೇಡಂ, ನನಗೆ ಒಂದಕ್ಕೆ ಬಂದಿದೆ" ಎಂದಳು ಕಹಳೆ ಮಿಸ್. ಎಲ್ಲಿಂದಲೋ ಗಂಟಲು ವಾಪಸು ಬಂದಿತ್ತು. ಎರಡು ಬೀದಿ ಆಚೆ ಬಸ್ಸು ನಿಂತಿತು. "ಮಕ್ಕಳನ್ನ ಒಬ್ಬರನ್ನೇ ಬಿಡಬಾರ್ದು ಅಂತ ನೀವೇ ಹೇಳಿದ್ದು. ಅದಕ್ಕೆ ಕರ್ಕೊಂಡು ಬಂದೆ. ಸ್ವಲ್ಪ ನೋಡ್ಕೊಳ್ಳಿ."

ಹಗ್ಗದ ತುದಿಯನ್ನು ದೊಡ್ಡ ಮೇಡಮ್ಮಿನ ಕೈಗೆ ಕೊಟ್ಟು, ಹಿತ್ತಾಳೆಯ ಫಲಕದ ಬಾಗಿಲು ತೆಗೆದು, ಒಳಗೆ ಹೋಗಿ, ಚಿಲಕ ಹಾಕಿಕೊಂಡಳು.

ಕೂತಳು. ಅಣೆಕಟ್ಟಿನ ಬಾಗಿಲುಗಳನ್ನು ಒಂದೊಂದಾಗಿ ತೆಗೆದ ಹಾಗೆ. ಹೂವಿನ ಸೋಪಿನಲ್ಲಿ ಮೊಣಕೈವರೆಗೆ ತೊಳೆದಳು. ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಅವಸರ ಮಾಡಲಿಲ್ಲ. ಇಷ್ಟು ದಿನ ಅವಳಿಂದ ಕದ್ದುಕೊಂಡಿದ್ದ ನಿಮಿಷಗಳವು. ಅವಳವೇ.

ಬಾಗಿಲು ತೆಗೆದಾಗ ಆಫೀಸು ಆಫೀಸಾಗಿರಲಿಲ್ಲ. ಹೂದಾನಿಯ ನೀರು ಬುಲ್ಡೋಜರನ ತಲೆಯ ಮೇಲಿತ್ತು. ತಿರುಗುವ ಕುರ್ಚಿಯಲ್ಲಿ ಐವರು ತಿರುಗುತ್ತಿದ್ದರು. ಒಬ್ಬಳು ಹೊಸ ದಂಪತಿಗಳ ಹೆಂಗಸಿನ ಕೈಚೀಲದಿಂದ ಲಿಪ್‌ಸ್ಟಿಕ್ ತೆಗೆದು ಗೋಡೆಗೆ ಬಳಿಯುತ್ತಿದ್ದಳು. ದೊಡ್ಡ ಮೇಡಮ್ಮಿನ ಎರಡು ಮೊಣಕಾಲಿಗೂ ಹಗ್ಗ ಸುತ್ತಿಕೊಂಡಿತ್ತು. ಕೆನ್ನೆ ಕೆಂಪಾಗಿತ್ತು. "ಸುಮ್ನಿರಿ! ಸುಮ್ನಿರಿ!" ಎಂದು ಅವರು ಕಿರುಚುತ್ತಿದ್ದರು. ಅದಕ್ಕೆ ಯಾವ ಮಗುವೂ ಕಿವಿಗೊಡಲಿಲ್ಲ. ಫೋನು ಹೊಡೆದುಕೊಳ್ಳುತ್ತಿತ್ತು. ಒಂದಲ್ಲ, ಮೇಜಿನ ಮೇಲಿನದು, ಕಿಸೆಯಲ್ಲಿನದು, ಗೋಡೆಯದು, ಎಲ್ಲವೂ.

ಯಾಕೆಂದರೆ ಕ್ಯಾಮೆರಾ ಖಾಲಿ ಕೋಣೆಯನ್ನು ತೋರಿಸುತ್ತಿತ್ತು. ಊರಿನ ಅಂಗಡಿ, ಆಫೀಸು, ಕಾರ್ಖಾನೆಗಳಲ್ಲಿ ತಾಯ್ತಂದೆಯರು ಫೋನಿನಲ್ಲಿ ಬರೀ ಚಾಪೆ ನೋಡಿ ಎದೆ ಒಡೆದುಕೊಂಡಿದ್ದರು. ಹತ್ತಿರವಿದ್ದವರು ಓಡಿ ಬಂದೇ ಬಿಟ್ಟರು.

ಮೊದಲು ಬಂದದ್ದು ಟೈ ಕಟ್ಟಿದ ಒಬ್ಬ ಅಪ್ಪ, ಬುಲ್ಡೋಜರನ ತಂದೆ. ಮಗನನ್ನು ಎತ್ತಿಕೊಂಡು, ಸಂಗತಿ ಕೇಳಿ, ಕಿಡಿಕಿಡಿಯಾದ.

"ನಾವು ಇಷ್ಟೊಂದು ಫೀಸ್ ಕಟ್ಟೋದು ನೀವು ಬಾತ್‌ರೂಮಿಗೆ ಹೋಗ್ಲಿ ಅಂತಾನಾ?"

"ಬೆಳಗ್ಗೆಯಿಂದ ನೀವು ಎಷ್ಟು ಸಲ ಹೋದ್ರಿ ಸಾರ್?" ಎಂದಳು ಕಹಳೆ ಮಿಸ್.

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕಂಕುಳಲ್ಲಿದ್ದ ಮಗ ಉತ್ತರ ಕೊಟ್ಟ. "ನಮ್ಮಪ್ಪ ಫೋನ್ ತಗೊಂಡು ಹೋಗ್ತಾರೆ ಮಿಸ್. ಆಮೇಲೆ ಬರೋದೇ ಇಲ್ಲ."

ಹೊಸ ದಂಪತಿಗಳ ಗಂಡಸು ಕೆಮ್ಮಿದ. ಟೈ ಕಟ್ಟಿದ ಅಪ್ಪ ಟೈ ಸಡಿಲಿಸಿಕೊಂಡ.

ಆಗ ಗುಬ್ಬಿಯ ಅಮ್ಮ ನುಗ್ಗಿ ಬಂದಳು. ದೊಡ್ಡ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವವಳು. ಕುತ್ತಿಗೆಯಲ್ಲಿ ಅಂಗಡಿಯ ಬಿಲ್ಲೆ ಇನ್ನೂ ನೇತಾಡುತ್ತಿತ್ತು. ಮಗಳನ್ನು ಕಂಡು ಅಳುತ್ತ, ಬಯ್ಯುತ್ತ, ಏದುಸಿರು ಬಿಡುತ್ತ ಕಹಳೆ ಮಿಸ್ಸಿನ ಮೇಲೆ ಏರಿ ಬಂದಳು.

"ಏನ್ರೀ ಮಿಸ್ ನೀವು? ನನ್ನ ಜೀವ ಹೋಗಿತ್ತು! ಕೌಂಟರ್ ಬಿಟ್ಟು ಓಡಿ ಬಂದಿದೀನಿ, ಸೂಪರ್‌ವೈಸರ್ ಕೂಗ್ತಾನೇ ಇದ್ದ! ನಿಮಗೆ ಜವಾಬ್ದಾರಿ ಅನ್ನೋದು..."

ಕಹಳೆ ಮಿಸ್ ಬಯ್ಗುಳ ಕೇಳುತ್ತಿರಲಿಲ್ಲ. ಅವಳ ಕಣ್ಣು ಆ ಹೆಂಗಸಿನ ಕಾಲುಗಳ ಮೇಲಿತ್ತು. ಮೊಣಕಾಲಿಗೆ ಮೊಣಕಾಲು ಒತ್ತಿ, ಒಂದು ಪಾದದ ಮೇಲೆ ಇನ್ನೊಂದು ಪಾದವಿಟ್ಟು, ಸೊಂಟ ಸ್ವಲ್ಪ ಬಗ್ಗಿಸಿ. ಮೂರು ವರ್ಷದವರಲ್ಲಿ ಆ ನಿಲುವನ್ನು ದಿನವಿಡೀ ನೋಡುವವಳು ಅವಳು. ಬಾಯಿ ತಾನಾಗಿ ಆಡಿಬಿಟ್ಟಿತು.

"ಒಂದಕ್ಕೆ ಬಂತಾ ಕಂದ?"

ಗುಬ್ಬಿಯ ಅಮ್ಮನ ಮಾತು ನಿಂತಿತು. ಮುಖಕ್ಕೆ ಹೊಡೆಸಿಕೊಂಡವಳಂತೆ ನೋಡಿದಳು.

"ಬೆಳಗ್ಗೆಯಿಂದ" ಎಂದಳು. "ಕೌಂಟರ್ ಬಿಡೋ ಹಾಗಿಲ್ಲ ಮಿಸ್."

"ಹೋಗಿ ಬನ್ನಿ. ಗುಬ್ಬೀನ ನಾನು ಹಿಡ್ಕೋತೀನಿ."

ಅವಳು ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದಿದ್ದಳು. ಸೀದಾ ದೊಡ್ಡ ಮೇಡಮ್ಮಿನ ಎದುರು ನಿಂತಳು.

"ಕ್ಯಾಮೆರಾ ಹಿಂದ್ಗಡೆ ಆಯಾ ಇರ್ತಾರೆ ಅಂದಿದ್ರಲ್ಲ. ಎಲ್ಲಿ? ತೋರಿಸಿ."

ದೊಡ್ಡ ಮೇಡಂ ಮೊಣಕಾಲಿನ ಹಗ್ಗ ಬಿಡಿಸಿಕೊಂಡು ನೆಟ್ಟಗೆ ನಿಂತರು. "ನೋಡಿ, ಇವರಿಗೆ ಆರೋಗ್ಯ ಸರಿಯಿಲ್ಲ. ಶುಕ್ರವಾರ ಅವರೇ ಹೇಳೋರಿದ್ರು. ಹೇಳಮ್ಮ, ಈಗ್ಲೇ ಹೇಳು. ಕಾಯಿಲೆ ಇದೆ ಅಂತ ಹೇಳು." ನೀವು ಹೋಗಿ ನೀನು ಬಂದಿತ್ತು.

"ಕಾಯಿಲೆ ಇರಲಿಲ್ಲ. ನೀವು ಬರಿಸಿದ್ರಿ" ಎಂದಳು ಕಹಳೆ ಮಿಸ್. "ಕೋಣೆಗೆ ಇನ್ನೊಬ್ಬರನ್ನ ಹಾಕಿ. ಹಾಕೋವರೆಗೂ ನನಗೆ ಬಂದಾಗೆಲ್ಲ ರೈಲು ಇಲ್ಲಿಗೇ ಬರುತ್ತೆ."

"ನಾಳೆಯಿಂದ ನೀನು ಬರಬೇಡ."

"ಇವತ್ತಿನ್ನೂ ಮುಗಿದಿಲ್ಲ ಮೇಡಂ." ಅವಳು ರತ್ನಗಂಬಳಿಯ ಮೇಲೆ ಕೂತಳು. ಗುಬ್ಬಿ ಅವಳ ತೊಡೆಯೇರಿತು.

ಅಷ್ಟರಲ್ಲಿ ಗಡಗಡ ಸದ್ದು. ತೊಟ್ಟಿಲು ಮಿಸ್ ಚಕ್ರದ ತೊಟ್ಟಿಲಲ್ಲಿ ನಾಲ್ಕು ಕೂಸುಗಳನ್ನು ತುಂಬಿಕೊಂಡು, ಇನ್ನೊಂದನ್ನು ಎದೆಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕ, ನಿಮ್ಮದಾಯ್ತಾ? ನನಗೂ ತಡೆಯೋಕಾಗ್ತಿಲ್ಲ."

ದೊಡ್ಡ ಮೇಡಂ ಎಗರಿದರು. ಹಿತ್ತಾಳೆಯ ಫಲಕದ ಬಾಗಿಲಿಗೆ ಹೋಗಿ, ಧಡಾರನೆ ಎಳೆದು, ಬೀಗ ಹಾಕಿ, ಬೀಗದ ಕೈಯನ್ನು ಮೇಜಿನ ಖಾನೆಗೆ ಎಸೆದು, ಆ ಖಾನೆಗೂ ಬೀಗ ಹಾಕಿದರು. "ಯಾರಿಗೂ ಇಲ್ಲ! ಈಗ ಯಾರಿಗೂ ಇಲ್ಲ! ನಿಮ್ಮ ನಿಮ್ಮ ಮಕ್ಕಳನ್ನ ಕರ್ಕೊಂಡು ಹೊರಡಿ!"

"ಎ‌ಲ್ಲಿಗೆ?" ಎಂದಳು ಗುಬ್ಬಿಯ ಅಮ್ಮ. "ಎಲ್ಲಿಗೆ ಕರ್ಕೊಂಡು ಹೋಗ್ಲಿ? ಬಿಲ್ಲಿಂಗ್ ಕೌಂಟರ್ ಕೆಳಗೆ ಕೂರಿಸ್ಲಾ? ಮಿಸ್ ಇಲ್ಲೇ ಇದಾರೆ. ಮಗಳೂ ಇಲ್ಲೇ ಇರ್ತಾಳೆ. ಆಯಾನ ಕರೆಸಿ." ಹೇಳಿ ಅವಳೂ ಕೂತಳು. ಹೊಸ ದಂಪತಿಗಳು ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಟೈ ಕಟ್ಟಿದ ಅಪ್ಪ ಗಡಿಯಾರ ನೋಡಿಕೊಂಡ, ಮಗನನ್ನು ನೋಡಿದ, ಮಗನನ್ನು ಕೆಳಗಿಳಿಸಿ ಹೋದ. ಆದರೆ ಇನ್ನಿಬ್ಬರು ಅಮ್ಮಂದಿರು ಬಂದರು. ಒಬ್ಬ ಅಜ್ಜ ಬಂದ. ಸಂಗತಿ ಕೇಳಿದರು. ಗೋಡೆಗೊರಗಿ ಕೂತರು. ತೊಟ್ಟಿಲು ಮಿಸ್ಸಿಗೆ ಗುಬ್ಬಿಯ ಅಮ್ಮ ಎದುರು ಮನೆಯ ಬಾಗಿಲು ತಟ್ಟಿ ಕಕ್ಕಸು ಕೇಳಿ ಕೊಡಿಸಿ ಬಂದಳು. ಅಲ್ಲಿಯವರೆಗೆ ಐದು ಕೂಸುಗಳನ್ನು ಅಜ್ಜ ಕಾದ.

ದೊಡ್ಡ ಮೇಡಂ ತಮ್ಮ ಕುರ್ಚಿಯಲ್ಲಿ ಕೂತರು. ಯಾರಿಗೂ ಫೋನು ಮಾಡಲಿಲ್ಲ. ಎದ್ದು ಹೋಗಲೂ ಇಲ್ಲ. ಎದ್ದು ಹೋದರೆ ಆಫೀಸು ಇವರ ಕೈಗೆ ಹೋಗುತ್ತದೆ ಎಂಬ ಭಯ. ಎದುರಿಗೆ ಇಷ್ಟು ಜೋಡಿ ಕಣ್ಣು. ಮಧ್ಯಾಹ್ನವಾಯಿತು. ಮಕ್ಕಳು ಗಂಬಳಿಯ ಮೇಲೆ ಉಂಡರು, ಮಲಗಿದರು. ದೊಡ್ಡ ಮೇಡಂ ಬಾಟಲಿಯ ನೀರನ್ನು ಸಿಟ್ಟಿಗೆ ಗಟಗಟ ಕುಡಿದರು. ಆಮೇಲೆ ಕಾಲ ಮೇಲೆ ಕಾಲು ಹಾಕಿದರು. ಸ್ವಲ್ಪ ಹೊತ್ತಿಗೆ ಕಾಲು ಬದಲಿಸಿದರು. ಇನ್ನೂ ಸ್ವಲ್ಪ ಹೊತ್ತಿಗೆ ಮೊಣಕಾಲಿಗೆ ಮೊಣಕಾಲು ಒತ್ತಿ, ಖಾನೆಯ ಬೀಗವನ್ನೊಮ್ಮೆ, ಎದುರಿನ ಮುಖಗಳನ್ನೊಮ್ಮೆ ನೋಡಿದರು.

ಗುಬ್ಬಿ ಎಚ್ಚರವಾಗಿ ಅದನ್ನು ಗಮನಿಸಿ ಕಹಳೆ ಮಿಸ್ಸಿನ ಕಿವಿಗೆ ಬಾಯಿಟ್ಟಿತು. ಆದರೆ ಮೂರು ವರ್ಷದವರ ಪಿಸುಮಾತು ಊರಿಗೆಲ್ಲ ಕೇಳುತ್ತದೆ.

"ಮಿಸ್, ದೊಡ್ಡ ಮೇಡಮ್ಮಿಗೆ ಒಂದಕ್ಕೆ ಬಂದಿದೆ."

ಕಹಳೆ ಮಿಸ್ಸೂ ನೋಡಿದ್ದಳು. ಎಷ್ಟೋ ಹೊತ್ತಿನ ಮುಂಚೆಯೇ ನೋಡಿದ್ದಳು. ಏಳಲಿಲ್ಲ. ಗುಬ್ಬಿಯ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ಬಂದಿದ್ರೆ ಹೇಳ್ತಾರೆ ಬಿಡು ಮರಿ. ಗುಂಡಿ ಅಂತೂ ಅವರು ಒತ್ತಬೇಕಾಗಿಲ್ಲ. ಇಲ್ಲಿ ಎಲ್ಲರೂ ಅವರನ್ನೇ ನೋಡ್ತಾ ಇದೀವಿ."